ನೂಲು

ಕಮೋಡು ಕದಲುವುದಿಲ್ಲ.
ಕಿತ್ತರೆ ಕೆಳಮನೆಯ ಪಾಟಣಕರರ ತಲೆಯ ಮೇಲೆ ತೊಟ್ಟಿಕ್ಕುತ್ತದೆ,
ಸೊಸೈಟಿಯಿಂದ ಕೆಂಪು ಶಾಯಿಯ ಕಾಗದ ಬರುತ್ತದೆ.
ಬೇಸಿನ್ನಿನ ಕಂಬವೂ ಅಲ್ಲೇ, ಮೂಲೆಯ ಪೈಪೂ ಅಲ್ಲೇ.
ಇದ್ದದ್ದು ಇದ್ದಲ್ಲೇ ಇರಲಿ,
ಹಳೆಯ ನೆಲದ ಮೇಲೇ ಹೊಸ ನೆಲ ಬರಲಿ ಎಂದು
ಮುಲುಂಡಿನ ನಮ್ಮ ನಾಲ್ಕನೆಯ ಮಾಳಿಗೆಗೆ
ಒಂದೊಂದೇ ಪೆಟ್ಟಿಗೆ ಹೆಗಲ ಮೇಲೆ ಹೊತ್ತು ತಂದ.
ಲಿಫ್ಟಿನಲ್ಲಿ ಟೈಲ್ಸ್ ಒಯ್ಯಬಾರದಂತೆ.

ಬಾಗಿಲಿನಿಂದ ಒಳಕ್ಕೆ ಸಲೀಸು.
ಇಡೀ ಟೈಲು, ಪಕ್ಕದಲ್ಲಿ ಮತ್ತೊಂದು ಇಡೀ ಟೈಲು,
ರಬ್ಬರ್ ಸುತ್ತಿಗೆಯಿಂದ ತಟ್ಟಿ ಕಿವಿಗೊಡುವುದು,
ಕಲ್ಲಂಗಡಿ ಆರಿಸುವವರ ಹಾಗೆ.
ಟೊಳ್ಳೆಂದರೆ ಎತ್ತಿ ಮತ್ತೆ ಗಾರೆ, ಗಟ್ಟಿಯೆಂದರೆ ಕೂತಿತು.
ಹೊಲಿಗೆಯಲ್ಲೂ ಅಷ್ಟೇ,
ನೇರ ಅಂಚಿಗೆ ಯಾರ ಕೈಯಾದರೂ ಸಾಕು,
ಕಂಕುಳು ಬಂದಾಗ ಕೈ ಗೊತ್ತಾಗುತ್ತದೆ.

ಅವನ ಕಂಕುಳು ಬಂತು.
ಕಮೋಡಿನ ಪಾದ: ಅತ್ತ ದುಂಡಲ್ಲ, ಇತ್ತ ಚೌಕವಲ್ಲ,
ಬಸುರಿ ಬೆಕ್ಕು ಕೂತ ಹಾಗೆ.
‘ಕಾಗಜ್ ಹೈ ಕ್ಯಾ? ಮೋಟಾವಾಲಾ?’
ಇದ್ದದ್ದು ನನ್ನ ಖಾಕಿ ಕಾಗದ,
ಸಾವಂತಬಾಯಿಯ ರವಿಕೆಯ ಬೆನ್ನು, ಎದೆ ಮೂವತ್ತೆಂಟು ಎಂದು ಬರೆದದ್ದು.
ಮೂರು ತಿಂಗಳಿಂದ ಆಯಮ್ಮನ ಸುಳಿವಿಲ್ಲ, ಬಾಕಿಯೂ ಇದೆ.
ಕೊಟ್ಟೆ.
ಪಾದಕ್ಕೆ ಒತ್ತಿ, ಉಗುರಿನಿಂದ ಮಡಿಕೆ ತೀಡಿ, ಕತ್ತರಿ ಕೇಳಿದ.
ಬಟ್ಟೆಯ ಕತ್ತರಿ ಕೊಡಲಿಲ್ಲ, ಅಡಿಗೆಮನೆಯದು ಕೊಟ್ಟೆ.
ನಕ್ಕ,
ತನ್ನ ಗ್ರೈಂಡರನ್ನು ಯಾರ ಕೈಗೂ ಕೊಡದವನ ನಗೆ.

ಒಂದೂವರೆ ದಿನದಿಂದ ನಮ್ಮಿಬ್ಬರದೂ ಮುರುಕು ಹಿಂದಿ.
ಗೋಡೆಗೂ ಪೈಪಿಗೂ ನಡುವೆ ಬಗ್ಗಿ ಟೇಪು ಎಳೆದು
ಹುಡುಗನಿಗೆ ಕೂಗಿದ್ದು, ‘ನೌ ಇಂಚ್, ದೋ ಸೂತ್!’
ಆಮೇಲೆ ತನಗೆ ತಾನೇ, ಮರೆಯದಿರಲೆಂದು, ತುಟಿಯೊಳಗೆ:
‘ಒಂಬತ್ತು ಎರಡ್ ನೂಲು, ಒಂಬತ್ತು ಎರಡ್ ನೂಲು.’

ಮಿಶನ್ನು ತುಳಿಯುತ್ತಿದ್ದ ನನ್ನ ಕಾಲು ನಿಂತಿತು.
‘ಯಾವೂರು?’
‘ಅಕ್ಕಲಕೋಟ ಬಾಜೂಕ್ರೀ. ನೀವೂ ನಮ್ಮ ಮಾತಿನವ್ರೇನ್ರೀ?’
ಹೆಸರು ಸಾತಲಿಂಗ.
ಅವನ ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಬಿತ್ತು,
ಚದರಡಿಯ ರೇಟು ಒಂದು ರೂಪಾಯಿ ಇಳಿಯಲಿಲ್ಲ.

ಬಟ್ಟೆ ಕ್ಷಮಿಸುತ್ತದೆ. ತಪ್ಪಿದರೆ ಬಿಚ್ಚಬಹುದು,
ಒಳಗೆ ಬಿಟ್ಟ ಅರ್ಧ ಇಂಚಿನಲ್ಲಿ ಎಷ್ಟೋ ಸಂಸಾರ ದಪ್ಪಗಾಗಿವೆ.
ಟೈಲಿಗೆ ಒಳಮಡಿಕೆಯಿಲ್ಲ.
ಮೊದಲನೆಯದು ಸಾವಂತಬಾಯಿಯ ಹೆಗಲಲ್ಲಿ ಸೀಳಿತು.
ಎರಡನೆಯದು ಇನ್ನೇನು ಆಯಿತು ಎನ್ನುವಾಗ ಚಕ್ಕೆ ಎದ್ದಿತು.
ಬಾಲ್ಕನಿಯಲ್ಲಿ ಒಣಹಾಕಿದ ಅತ್ತೆಯ ಹಸಿರು ಸೀರೆ ಧೂಳಿಗೆ ಬಿಳಿ,
ಅತ್ತೆಯ ಬೈಗುಳಕ್ಕೆ ಅವನು ಗ್ರೈಂಡರು ನಿಲ್ಲಿಸಿ ತಲೆತಗ್ಗಿಸಿದ,
ಭಾಷೆ ತಿಳಿದದ್ದರ ಕಷ್ಟ.
ಮೂರನೆಯದು ಕೂತಿತು,
ಒಂದು ಸುಕ್ಕಿಲ್ಲದೆ ತೋಳು ಕೂರುವ ಹಾಗೆ.

ಮುಗಿಯಿತೆಂದು ನಾನೆದ್ದೆ.
ಅವನಿನ್ನೂ ಹೊಟ್ಟೆಯ ಮೇಲೆ ಮಲಗಿ, ಕಮೋಡಿನ ಬೆನ್ನ ಹಿಂದೆ,
ಬೆರಳು ಕೂಡ ಕಷ್ಟಪಟ್ಟು ಹೋಗುವಲ್ಲಿ,
ಮೂರು ನೂಲಗಲದ ಚೂರೊಂದನ್ನು ಉಜ್ಜಿ ಉಜ್ಜಿ ಸೇರಿಸುತ್ತಿದ್ದ.
ಅಲ್ಲಿ ಬರೀ ಸಿಮೆಂಟು ಮೆತ್ತಪ್ಪಾ, ಯಾರು ನೋಡ್ತಾರೆ?
‘ನೀರು ನೋಡ್ತದ್ರೀ.’

ಎರಡು ದಿನ ಕಾಲಿಡಬಾರದು.
ಅತ್ತೆ, ಮಗಳು, ನಾನು, ಬಕೆಟ್ಟು ಹಿಡಿದು
ಎದುರುಮನೆಯ ಗಾವಡೆಯವರ ಬಾಗಿಲಲ್ಲಿ ಸಾಲು.
ಮೂರನೆಯ ಬೆಳಿಗ್ಗೆ ಒಂದು ಚೊಂಬು ನೀರು ಸುರಿದೆ.
ಹೊಸ ಓಣಿಗೆ ಬಂದ ಪೋಸ್ಟಿನವನ ಹಾಗೆ ಒಂದು ಗಳಿಗೆ ನಿಂತಿತು,
ಪಾದ ಸುತ್ತಿ, ಕಂಬ ಬಳಸಿ,
ಜಾಲರಿ ಹುಡುಕಿಕೊಂಡು ಹೋಯಿತು.

ಬಾಗಿಲೊಂದು ಮುಚ್ಚುತ್ತಿಲ್ಲ.
ನೆಲ ನಾಲ್ಕು ನೂಲು ಎದ್ದದ್ದನ್ನು ಬಾಗಿಲಿಗೆ ಯಾರೂ ಹೇಳಿಲ್ಲ.
ಬಡಗಿ ಬರುವುದು ಸೋಮವಾರ,
ಅಲ್ಲಿತನಕ ಒಳಗಿದ್ದವರು ಕೆಮ್ಮುತ್ತಿರಬೇಕು.
ಅತ್ತೆ ಕೆಮ್ಮುವುದಿಲ್ಲ, ಮಗ್ಗಿ ಹೇಳುತ್ತಾರೆ,
ಇಡೀ ಮಾಳಿಗೆಗೆ ಕೇಳುವ ಹಾಗೆ:
ಒಂಬತ್ತೊಂದ್ಲೆ ಒಂಬತ್ತು,
ಒಂಬತ್ತೆರಡ್ಲೆ ಹದಿನೆಂಟು.
ಇಪ್ಪತ್ತೇಳಕ್ಕೆ ಬರುವ ಹೊತ್ತಿಗೆ
ನೀರಿನ ಸದ್ದು.